ಚಿಮಣಿಯ ಮಾಡ, ಪಿಒಪಿಯ ಬೆಳಕು

ಕುರುಗೋಡಿನ ಹಳೆಯ ಮಾಳಿಗೆ ಮನೆಗಳಲ್ಲಿ ಗೋಡೆ ಕಟ್ಟುವಾಗಲೇ ದೀಪಕ್ಕೆ ಮಾಡ ಬಿಡುತ್ತಿದ್ದರು. ಹಗಲಿಗೆ ನೆತ್ತಿಯ ಮೇಲೊಂದು ಬೆಳಕಿಂಡಿ, ಇರುಳಿಗೆ ಮಾಡದೊಳಗೊಂದು ಚಿಮಣಿ. ಈಗ ಅದರ ಫೋಟೊ ನೋಡಿ ಎಷ್ಟು ಚೆಂದ ಎನ್ನುವವರಿದ್ದಾರೆ. ಅದರ ಮಸಿ ಒರೆಸಿದ ಹೆಂಗಸರು ಹಾಗೆನ್ನುವುದಿಲ್ಲ. ಸೀಮೆಎಣ್ಣೆಯ ಹೊಗೆಗೆ ಕಣ್ಣುರಿ ಬರುತ್ತಿತ್ತು, ಓದುವ ಪುಟದ ಅರ್ಧ ನೆರಳಲ್ಲೇ ಇರುತ್ತಿತ್ತು.

ಸರ್ಕಾರದ ಭಾಗ್ಯಜ್ಯೋತಿ ಯೋಜನೆಯ 40 ವ್ಯಾಟಿನ ಒಂಟಿ ಬಲ್ಬು ಬಡವರ ಮನೆಯಲ್ಲಿ ಈ ಕಷ್ಟ ಕಳೆಯಿತು. ಬಳ್ಳಾರಿ ಪೇಟೆಯ ಉಳ್ಳವರ ಮನೆಗಳಲ್ಲೂ ಪಡಸಾಲೆಗೆ ಟ್ಯೂಬ್‌ಲೈಟು, ದೇವರ ಕೋಣೆಗೆ ಕೆಂಪು ಝೀರೋ ಬಲ್ಬು, ಅಲ್ಲಿಗೆ ಅಲಂಕಾರ ಮುಗಿಯುತ್ತಿತ್ತು. ದೀಪಾವಳಿಗೆ ಆಕಾಶಬುಟ್ಟಿ, ಸೀರಿಯಲ್ ಸೆಟ್ಟು. ಅದರಲ್ಲಿ ಒಂದು ಬಲ್ಬು ಸುಟ್ಟರೆ ಇಡೀ ಸರವೇ ಕತ್ತಲು. ಬಲ್ಬು ತಿನ್ನುವ ವಿದ್ಯುತ್ತಿನ ಬಹುಪಾಲು ಶಾಖವಾಗಿಯೇ ಹೋಗುತ್ತಿತ್ತು. 40 ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಅದು ಬೇಡದ ಸೇರ್ಪಡೆ.

ಆಗಿನ 60 ವ್ಯಾಟಿನ ಬೆಳಕನ್ನು ಇಂದು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಹಾಗಾಗಿ ಕುರುಗೋಡು, ಬಳ್ಳಾರಿ, ಸಿರುಗುಪ್ಪ ಮೂರೂ ಊರುಗಳ ಹೊಸ ಮನೆಗಳಿಗೆ ಪಿಒಪಿ ಸೀಲಿಂಗು, ಅದರ ಅಂಚಿನಲ್ಲಿ ಕೋವ್ ಲೈಟು, ಗೋಡೆಗುಂಟ ಪ್ರೊಫೈಲ್ ಲೈಟು, ಊಟದ ಮೇಜಿನ ಮೇಲೆ ತೂಗುದೀಪ ಬಂದಿವೆ. ಸಂತೋಷವೇ. ಆದರೆ ಹೆಚ್ಚಿನವರು ಆರಿಸುವುದು ಕಣ್ಣು ಕುಕ್ಕುವ 6500 ಕೆಲ್ವಿನ್‌ನ ಬಿಳಿ. ನನ್ನ ತಕರಾರು ಅಲ್ಲಿದೆ.

ಸಿರುಗುಪ್ಪದ್ದು ತುಂಗಭದ್ರೆಯ ನೀರುಂಡ ಭತ್ತದ ಸೀಮೆ. ತೆನೆ ಬಲಿಯುವ ಹೊತ್ತಿಗೆ ದೀಪ ಹಚ್ಚಿದರೆ ಸಾಕು, ಜಿಗಿಹುಳುಗಳು ಮುತ್ತುತ್ತವೆ. ಊಟದ ತಟ್ಟೆಗೂ ಬೀಳುತ್ತವೆ. ನೀಲಿ ಅಂಶ ಹೆಚ್ಚಿರುವ ಬಿಳಿ ಬೆಳಕಿನತ್ತ ಹುಳು ಹೆಚ್ಚು ಬರುತ್ತವೆ, ಹಳದಿ ಬೆಳಕಿಗೆ ಕಡಿಮೆ. ಅಂಗಳದ ದೀಪಕ್ಕಂತೂ ಹಳದಿಯೇ ಸರಿ. ಕೋಣೆಯೊಳಗೂ ಕಣ್ಣಿನ ಮಟ್ಟದ ಮೆತ್ತನೆಯ ಗೋಡೆದೀಪ ಹಿತ. ಮಾಡದ ದೀಪದಲ್ಲಿ ಒಳ್ಳೆಯದು ಏನಾದರೂ ಇದ್ದರೆ ಅದು ಅದರ ಎತ್ತರ, ಎಣ್ಣೆಯಲ್ಲ.

ಬಳ್ಳಾರಿಯ ಕೆಂಧೂಳೂ ಲೆಕ್ಕಕ್ಕೆ ಬರಬೇಕು. ಕೋವ್‌ನ ತೆರೆದ ಗಟಾರದಲ್ಲಿ ಅದು ಕೂತು ಬೆಳಕು ಮಂಕಾಗುತ್ತದೆ. ಕಾದ ಆರ್‌ಸಿಸಿ ಚಾವಣಿಯ ಕೆಳಗೆ ಮುಚ್ಚಿಟ್ಟರೆ, ಎಲ್‌ಇಡಿಗೆ ವಿದ್ಯುತ್ ಹೊಂದಿಸಿಕೊಡುವ ಡ್ರೈವರು ಬೇಗ ಕೆಡುತ್ತದೆ. ಮನೆ ಕಟ್ಟಿಸುವವರು ಡಬ್ಬಿಯ ಮೇಲೆ ಹಳದಿ ಬೆಳಕಿನ 3000 ಕೆಲ್ವಿನ್ ಎಂದಿದೆಯೇ ನೋಡಿ ಕೊಳ್ಳಿ. ಡ್ರೈವರು ಕೈಗೆಟಕುವಲ್ಲಿ ಇರಲಿ, ಸೀಲಿಂಗ್‌ನಲ್ಲಿ ಒಂದು ಮುಚ್ಚಳ ಇಡಿಸಿ.