ಕೊಡಲಿ ಬೀಳದ ಕಾಡಿನಲ್ಲಿ

ಕಾಡು ಅಳಿದರೆ ಪ್ರಾಣಿಗಳೂ ಅಳಿಯುತ್ತವೆ. ಇದು ಎಲ್ಲರೂ ಬಲ್ಲ ಮಾತು. ಆದರೆ ಕಾಡು ಹಾಗೆಯೇ ಇದ್ದು ಪ್ರಾಣಿ ಮಾತ್ರ ಇಲ್ಲವಾದರೆ? ಮಧ್ಯ ಅಮೆರಿಕದ ಪುಟ್ಟ ದೇಶ ಕೋಸ್ಟರಿಕಾದ ಮಾಂಟೆವರ್ಡೆ ಬೆಟ್ಟಗಳಲ್ಲಿ ಆದದ್ದು ಇದೇ.

ಸುಮಾರು 1,500 ಮೀಟರ್ ಎತ್ತರದ ಈ ಕಾಡು ಮೋಡದೊಳಗೇ ಬದುಕುತ್ತದೆ. ಕೆರಿಬಿಯನ್ ಕಡಲಿನ ಗಾಳಿ ಬೆಟ್ಟವೇರುತ್ತ ತಣಿದು ಮೋಡವಾಗುತ್ತದೆ. ಮಂಜು ಮುಸುಕಿದ ಮುಂಜಾನೆ ನಡೆದವನ ಕಂಬಳಿ ಮಳೆಯಿಲ್ಲದೆಯೂ ತೊಯ್ಯುವುದಿಲ್ಲವೆ? ಹಾಗೆಯೇ ಇಲ್ಲಿನ ಎಲೆ, ಹಾವಸೆ, ಸೀತಾಳೆಗಳು ಮೋಡದ ಹನಿಗಳನ್ನು ಹಿಡಿದು ನೆಲಕ್ಕಿಳಿಸುತ್ತವೆ. ಉದ್ದ ಬಾಲದ, ಪಚ್ಚೆ ಬಣ್ಣದ ಕ್ವೆಟ್ಜಾಲ್ ಹಕ್ಕಿ ಕಾಡು ಬೆಣ್ಣೆಹಣ್ಣು ನುಂಗಿ, ಬೀಜ ಉಗುಳಿ ಹೊಸ ಮರಗಳಿಗೆ ದಾರಿ ಮಾಡುತ್ತದೆ.

1951ರಲ್ಲಿ ಅಮೆರಿಕದ ಅಲಬಾಮಾದಿಂದ ಕ್ವೇಕರ್ ಪಂಥದ ಕೆಲವು ಕುಟುಂಬಗಳು ಇಲ್ಲಿಗೆ ಬಂದವು. ಯುದ್ಧ ಒಲ್ಲದ ಆ ಜನರಿಗೆ ಸೈನ್ಯವನ್ನೇ ರದ್ದು ಮಾಡಿದ್ದ ಈ ದೇಶ ಹಿಡಿಸಿತು. ಹಸು ಸಾಕಿ, ಚೀಸ್ ಮಾಡಿ ಬದುಕು ಕಟ್ಟಿಕೊಂಡರೂ ನೀರಿನ ಮೂಲವಾದ ಮೇಲಿನ ಕಾಡಿಗೆ ಅವರು ಕೊಡಲಿ ಹಾಕಲಿಲ್ಲ. 1972ರಲ್ಲಿ ಇಲ್ಲಿ ರಕ್ಷಿತಾರಣ್ಯ ಸ್ಥಾಪನೆಯಾಯಿತು.

ಜಗತ್ತಿನ ಬೇರೆಲ್ಲೂ ಇಲ್ಲದ ಚಿನ್ನದ ಕಪ್ಪೆ ಇಲ್ಲಿತ್ತು. ಐದು ಸೆಂಟಿಮೀಟರಿನಷ್ಟು ಪುಟ್ಟ ಜೀವಿ. ಗಂಡಿನ ಮೈಯೆಲ್ಲ ಹೊಳೆಯುವ ಕಿತ್ತಳೆ ಬಣ್ಣ. ವರ್ಷದಲ್ಲಿ ಕೆಲವೇ ದಿನ, ಮೊದಲ ಮಳೆಗೆ ಬೇರುಗಳ ನಡುವೆ ನಿಂತ ನೀರಿನಲ್ಲಿ ಅವು ನೆರೆಯುತ್ತಿದ್ದವು. 1987ರಲ್ಲಿ ವಿಜ್ಞಾನಿ ಮಾರ್ಥಾ ಕ್ರಂಪ್ ಮತ್ತು ಸಂಗಡಿಗರು 1,500ಕ್ಕೂ ಹೆಚ್ಚು ಕಪ್ಪೆಗಳನ್ನು ಕಂಡರು. ಆ ವರ್ಷ ಬರ. ಹತ್ತು ಗುಂಡಿಗಳಲ್ಲಿದ್ದ 43,500 ಮೊಟ್ಟೆಗಳಿಂದ ಒಂದು ವಾರ ದಾಟಿದ ಗೊದಮೊಟ್ಟೆಗಳು 29 ಮಾತ್ರ. ಮರುವರ್ಷ ಮುಖ್ಯ ತಾಣದಲ್ಲಿ ಸಿಕ್ಕಿದ್ದು ಒಂದೇ ಕಪ್ಪೆ. 1989ರ ಮೇ 15ರಂದು ಒಂಟಿ ಗಂಡೊಂದು ಕಾಣಿಸಿತು. ಅದೇ ಕೊನೆ. 2004ರಲ್ಲಿ ಈ ಸಂತತಿ ಅಳಿದಿದೆಯೆಂದು ಘೋಷಿಸಲಾಯಿತು. ಆ ಪ್ರದೇಶದ 50 ಜಾತಿಯ ಕಪ್ಪೆಗಳಲ್ಲಿ 20 ಕಣ್ಮರೆಯಾದುದನ್ನು 1999ರ ಅಧ್ಯಯನವೊಂದು ದಾಖಲಿಸಿತು.

ಕಾರಣವೇನು? ಎಲ್ ನಿನೋ ತಂದ ಬರ, ಬಿಸಿಯೇರುತ್ತಿರುವ ಹವೆ, ಕಪ್ಪೆಗಳ ತೊಗಲಿಗೆ ತಗಲುವ ಕೈಟ್ರಿಡ್ ಎಂಬ ಶಿಲೀಂಧ್ರ ರೋಗ. ಯಾವುದರ ಪಾಲು ಎಷ್ಟೆಂಬ ಚರ್ಚೆ ಇನ್ನೂ ಮುಗಿದಿಲ್ಲ.

ಕ್ವೇಕರರು ಮಾಡಿದ್ದು ವ್ಯರ್ಥವೆನ್ನಲಾಗದು. ಕ್ವೆಟ್ಜಾಲ್ ಉಳಿದಿದೆ, ತೊರೆಗಳು ಹರಿಯುತ್ತಿವೆ. ಆದರೆ ಬೇಲಿ ಕೊಡಲಿಯನ್ನಷ್ಟೇ ತಡೆಯಬಲ್ಲದು. ದೂರದ ಊರುಗಳ ಹೊಗೆಯಿಂದ ಗಾಳಿ ಕಾದರೆ ಅದಕ್ಕೆ ಬೇಲಿ ಹಾಕುವವರಾರು?