ಒಂದು ಬೆರಳು ಎತ್ತರ

ಯಾರದೇ ಜೀಪು, ಜಿಪ್ಸಿ, ಥಾರ್ ಎದುರಿಗೆ ನಿಂತಿರಲಿ, ಅದರ ಬಣ್ಣ ನೋಡುವ ಮೊದಲು ನಾನು ಟೈರಿನ ಪಕ್ಕದ ಅಂಕಿ ಓದುತ್ತೇನೆ. ಆಮೇಲೆ ಸ್ವಲ್ಪ ಬಗ್ಗಿ, ಹಿಂದಿನ ಅಚ್ಚಿನ ಹೌಸಿಂಗ್ ನೆಲದಿಂದ ಎಷ್ಟು ಮೇಲಿದೆ ಎಂದು ಕಣ್ಣಳತೆ ಹಾಕುತ್ತೇನೆ. ಮೂಡಿಗೆರೆ, ಸಕಲೇಶಪುರದ ಕಡೆ ಕಾಫಿ ತೋಟದ ದಾರಿಗಳಲ್ಲಿ ಗಾಡಿ ಓಡಿಸುವವರಿಗೆ ಈ ಎರಡು ಗೊತ್ತಾದರೆ ಸಾಕು. ಜಡಿಮಳೆಯಲ್ಲಿ ಆ ಗಾಡಿ ಎಲ್ಲಿಯವರೆಗೆ ಹೋದೀತು, ಎಲ್ಲಿ ಹೂತು ಕೂತೀತು ಎಂಬುದು ಹೆಚ್ಚುಕಮ್ಮಿ ತಿಳಿದುಬಿಡುತ್ತದೆ.

ನನ್ನದು ಹಳೆಯ ಜಿಪ್ಸಿ. ಅದಕ್ಕೆ ಟೈರು ಆರಿಸುವುದರಷ್ಟು ಖುಷಿ ಕೊಡುವ ಕೆಲಸ ನನಗೆ ಬೇರೆ ಇಲ್ಲ. ಹೊಸ ಜೊತೆ ಕೊಳ್ಳಲು ಇನ್ನೂ ಎರಡು ಮಳೆಗಾಲ ಇರುವಾಗಲೇ ಲೆಕ್ಕ ಶುರುವಾಗಿರುತ್ತದೆ.

ಗಾಡಿ ಎತ್ತರಿಸಬೇಕು ಎಂದ ಕೂಡಲೇ ಅನೇಕರು ಗ್ಯಾರೇಜಿಗೆ ಹೋಗಿ ಸ್ಪ್ರಿಂಗಿಗೆ ಬ್ಲೇಡ್ ಸೇರಿಸುತ್ತಾರೆ, ಉದ್ದದ ಶ್ಯಾಕಲ್ ಹಾಕಿಸುತ್ತಾರೆ. ಬಾಡಿ ಮೇಲೇಳುತ್ತದೆ, ಗಾಡಿ ಠೀವಿಯಿಂದ ನಿಲ್ಲುತ್ತದೆ. ಆದರೆ ಹೌಸಿಂಗ್ ಇರುವುದು ಎರಡು ಚಕ್ರಗಳ ನಡುವೆ, ಅವುಗಳಿಗೇ ಬಿಗಿದುಕೊಂಡು. ಶ್ಯಾಕಲ್ ಎಷ್ಟು ಉದ್ದವಾದರೂ ಅದು ಕೂದಲೆಳೆಯಷ್ಟೂ ಮೇಲೇಳುವುದಿಲ್ಲ. ನಮ್ಮ ದಾರಿಗಳಲ್ಲಿ ನೆಲಕ್ಕೆ ತಾಗುವುದೇ ಅದು. ಕೂಪಿನ ಲಾರಿ, ಟ್ರ್ಯಾಕ್ಟರ್ ಓಡಾಡಿ ಎರಡು ಬದಿ ಕೊರಕಲಾಗಿ, ನಡುವೆ ಹುಲ್ಲು ಬೆಳೆದ ದಿಬ್ಬವೊಂದು ಉಳಿದಿರುತ್ತದಲ್ಲ, ಆ ದಿಬ್ಬದಲ್ಲಿ ಹುದುಗಿದ ಕಾಡುಗಲ್ಲು ಬಂದು ಬಡಿಯುವುದು ಡಿಫರೆನ್ಷಿಯಲ್ಲಿನ ಉಬ್ಬಿಗೇ. ಅದನ್ನು ಎತ್ತುವ ಉಪಾಯ ಒಂದೇ: ದೊಡ್ಡ ಟೈರು.

ಲೆಕ್ಕ ಬಲು ಸುಲಭ. ಜಿಪ್ಸಿಯ ಮೂಲ ಅಳತೆ 205/70 ಆರ್ 15. 205 ಎಂದರೆ ಮಿಲಿಮೀಟರಿನಲ್ಲಿ ಅಗಲ. ಅದರ ನೂರಕ್ಕೆ 70, ಅಂದರೆ 143.5 ಮಿ.ಮೀ., ಪಕ್ಕದ ಗೋಡೆಯ ಎತ್ತರ. ಮೇಲೊಂದು ಕೆಳಗೊಂದು ಗೋಡೆ ಸೇರಿ 287. ನಡುವೆ 15 ಇಂಚಿನ ರಿಮ್, ಅದು 381. ಒಟ್ಟು 668 ಮಿ.ಮೀ. ಇದರ ಬದಲು 215/75 ಆರ್ 15 ಹಾಕಿದರೆ 703.5 ಮಿ.ಮೀ. ಹೆಚ್ಚಿದ್ದು 35.5. ಅದರಲ್ಲೂ ಅರ್ಧ ಅಚ್ಚಿನ ಮೇಲಿನ ಪಾಲು. ಕೆಳಗೆ ನಮಗೆ ದಕ್ಕುವುದು 18 ಮಿ.ಮೀ.ಗೆ ತುಸು ಕಡಿಮೆ. ಒಂದು ಬೆರಳಿನ ದಪ್ಪ.

ಅಷ್ಟಕ್ಕೆ ಇಷ್ಟೊಂದು ಖರ್ಚೇ ಎಂದು ಕೇಳುವವರನ್ನು ತೋಟದ ಏರಿಗೆ ಕರೆದುಕೊಂಡು ಹೋಗಬೇಕು. ಅಲ್ಲಿನ ಕಲ್ಲುಗಳ ತಲೆ ನೋಡಿದರೆ ಗೊತ್ತಾಗುತ್ತದೆ. ಪಾಚಿ ಹಿಡಿದ ಕಪ್ಪು ಕಲ್ಲಿನ ನೆತ್ತಿಯಲ್ಲಿ ಮಾತ್ರ ರೂಪಾಯಿ ಅಗಲದ ಬಿಳಿ ಗಾಯ, ಅದರ ಸುತ್ತ ಎಣ್ಣೆ ಮಸಿ. ಎಷ್ಟೋ ಗಾಡಿಗಳ ಹೌಸಿಂಗ್ ಅಲ್ಲಿ ಉಜ್ಜಿಕೊಂಡು ಹೋಗಿದೆ. ಆ ಗಾಯ ಬಹಳ ತೆಳು. ಕಲ್ಲು ತಡೆಯುತ್ತಿರುವುದು ಒಂದು ಗೇಣಿನಿಂದಲ್ಲ, ಬೆರಳಿನಷ್ಟರಿಂದ. ಟೈರು ಬದಲಾದ ಮೇಲೆ ಅದೇ ಕಲ್ಲಿನ ಮೇಲೆ ಹೋಗುವಾಗ ಕರ್ರ್ ಎಂಬ ಸದ್ದಿಗೆ ಕಿವಿ ಕಾಯುತ್ತದೆ, ಸದ್ದು ಬರುವುದೇ ಇಲ್ಲ. ಆ ಸಂತೋಷವನ್ನು ಅನುಭವಿಸಿದವರೇ ಬಲ್ಲರು.

ಎತ್ತರದ ಲಾಭ ಇಷ್ಟಕ್ಕೇ ನಿಲ್ಲುವುದಿಲ್ಲ. ದೊಡ್ಡ ಚಕ್ರ ಗುಂಡಿಗೆ ಅಷ್ಟು ಆಳ ಬೀಳುವುದಿಲ್ಲ, ಬಿದ್ದರೂ ಸಲೀಸಾಗಿ ಹತ್ತುತ್ತದೆ. ಗೋಡೆ 143.5ರಿಂದ 161 ಮಿ.ಮೀ.ಗೆ ಏರಿರುವುದರಿಂದ ಗಾಳಿ ಇಳಿಸಲೂ ಜಾಗ ಸಿಗುತ್ತದೆ. ಡಾಂಬರು ಮುಗಿಯುವಲ್ಲಿ ಗಾಡಿ ನಿಲ್ಲಿಸಿ, ಗಾಳಿಯನ್ನು 18 ಪಿಎಸ್‌ಐ ಆಸುಪಾಸಿಗೆ ಇಳಿಸುವುದು ನನ್ನ ರೂಢಿ. ಬಿಗಿಯಾಗಿದ್ದಾಗ ಕಲ್ಲಿನಿಂದ ಪುಟಿದು ಜಾರುತ್ತಿದ್ದ ಟೈರು ಈಗ ಕಲ್ಲನ್ನು ತಬ್ಬಿಕೊಂಡು ಹತ್ತುತ್ತದೆ. ಗೋಡೆ ಗಿಡ್ಡವಿದ್ದು ರಿಮ್ ದೊಡ್ಡದಿರುವ ಈಗಿನ ಷೋಕಿ ಟೈರುಗಳಲ್ಲಿ ಈ ಆಟ ನಡೆಯದು. ರಿಮ್ ಅಂಚೇ ಕಲ್ಲಿಗೆ ಹೊಡೆಯುತ್ತದೆ.

ಆದರೆ ದೊಡ್ಡದು ಎಂದರೆ ಅಗಲವೇ? ಇಲ್ಲಿ ನಾನು ಹಟಮಾರಿ. ಮಲೆನಾಡಿಗೆ ಎತ್ತರ ಬೇಕು, ಅಗಲ ಬೇಡ. ನಮ್ಮ ದಾರಿಗಳಲ್ಲಿ ಮೇಲೆ ನಾಲ್ಕೈದು ಇಂಚು ಕೆಂಪು ಕೆಸರು. ಅದರಡಿಯಲ್ಲಿ ಯಾವ ಕಾಲದಲ್ಲೋ ಜೋಡಿಸಿದ ಸೋಲಿಂಗ್ ಕಲ್ಲು. ತೋಟದ ಜೀಪು ಓಡಿಸಿಯೇ ತಲೆ ನರೆತ ಡ್ರೈವರೊಬ್ಬರು ನನಗೆ ಹೇಳಿದ್ದು ಇದನ್ನೇ: “ಅಗಲ ಟೈರು ಕೆಸರಿನ ಮೇಲೆ ತೇಲುತ್ತೆ ಸಾರ್. ಅಡಿಗೆ ಕಲ್ಲು ಇದ್ಯಲ್ಲ, ಟೈರು ಹೋಗಿ ಅದನ್ನ ಹಿಡೀಬೇಕು.” ಜಿಪ್ಸಿಯ ತೂಕ ಒಂದು ಟನ್ನಿನ ಆಸುಪಾಸು. ಅಷ್ಟು ಹಗುರ ಗಾಡಿಗೆ ಹತ್ತೂವರೆ ಇಂಚು ಅಗಲದ ಟೈರು ಹಾಕಿದರೆ ಅದು ಕೆಸರನ್ನು ಸೀಳುವುದಿಲ್ಲ, ಮುಂದಕ್ಕೆ ನೂಕುತ್ತಾ ಒಡ್ಡು ಕಟ್ಟುತ್ತದೆ.

ಹಳಬರಿಗೆ ಇದು ಗೊತ್ತಿತ್ತು. ಎರಡನೇ ಮಹಾಯುದ್ಧದ ವಿಲ್ಲೀಸ್ ಜೀಪಿನ ಟೈರು 6.00-16, ಅಂದರೆ ಬರೀ ಆರು ಇಂಚು ಅಗಲ. ಎತ್ತರ ಮಾತ್ರ ಜಿಪ್ಸಿಯದಕ್ಕಿಂತ ಹೆಚ್ಚು. ಜಿಪ್ಸಿಯ ನಂತರ 2023ರಲ್ಲಿ ಇಲ್ಲಿಗೆ ಬಂದ ಜಿಮ್ನಿಗೆ ಕಂಪನಿ ಕೊಟ್ಟಿದ್ದು 195/80 ಆರ್ 15. ಜಿಪ್ಸಿಗಿಂತ ಹತ್ತು ಮಿ.ಮೀ. ಸಪೂರ, 25 ಮಿ.ಮೀ. ಎತ್ತರ. ಆ ಅಂಕಿ ಮೊದಲು ಓದಿದಾಗ ನಮ್ಮವರೇ ಯಾರೋ ಆರಿಸಿರಬೇಕು ಎಂದು ಹಿಗ್ಗಿದೆ.

ಹಾಗೆಂದು ಅಗಲವನ್ನು ಹಳಿಯಲಾರೆ. ಐಸ್‌ಲ್ಯಾಂಡಿನಲ್ಲಿ ಹಿಮನದಿಗಳ ಮೇಲೆ ಓಡಿಸುವವರು 38 ಇಂಚು, 44 ಇಂಚಿನ ಭಾರೀ ಟೈರು ಹಾಕಿ, ಗಾಳಿಯನ್ನು ಎರಡು ಮೂರು ಪಿಎಸ್‌ಐಗೆ ಇಳಿಸಿ ಹಿಮದ ಮೇಲೆ ತೇಲಿಕೊಂಡೇ ಹೋಗುತ್ತಾರೆ. ಅಲ್ಲಿ ಅಡಿಯಲ್ಲಿ ಹಿಡಿಯಲು ಸೋಲಿಂಗ್ ಇಲ್ಲ, ಮುಳುಗಿದರೆ ಮುಳುಗಿದಂತೆ. ಕಡಲ ತೀರದ ಮರಳಿಗೂ ತೇಲುವ ಟೈರೇ ಸರಿ.

ಅಳತೆ ಕಾಗದದ ಮೇಲೆ ಸರಿಹೋದರೆ ಸಾಲದು, ಗಾಡಿಗೆ ಕೂರಬೇಕು. ಈ ಪರೀಕ್ಷೆ ನನಗೆ ಬಹಳ ಇಷ್ಟ. ಟೈರಿನ ಭುಜಕ್ಕೆ ಸುತ್ತಲೂ ಸೀಮೆಸುಣ್ಣ ಬಳಿಯಬೇಕು. ಮುಂದಿನ ಒಂದು ಚಕ್ರವನ್ನು ದಿಣ್ಣೆಗೆ ಹತ್ತಿಸಿ, ಅದು ಮಡ್‌ಗಾರ್ಡಿನ ಒಳಕ್ಕೆ ಪೂರಾ ನುಗ್ಗುವಂತೆ ನಿಲ್ಲಿಸಬೇಕು. ಸ್ಟೇರಿಂಗನ್ನು ಎಡಕ್ಕೆ ಫುಲ್ ಕಟ್, ಬಲಕ್ಕೆ ಫುಲ್ ಕಟ್. ಆಮೇಲೆ ಟಾರ್ಚು ಹಿಡಿದು ಒಳಗೆ ಕೈ ಹಾಕಿ ನೋಡಬೇಕು: ಬ್ಲೇಡಿನ ಮೇಲೆ ಬಿಳಿ ಗೆರೆ ಬಿದ್ದಿದೆಯೇ, ಬ್ರೇಕ್ ಹೋಸಿನ ಮೇಲೆ, ಮಡ್‌ಗಾರ್ಡಿನ ಹಿಂದಿನ ಮಡಿಕೆಯ ಮೇಲೆ? ಸುಣ್ಣ ಸುಳ್ಳು ಹೇಳುವುದಿಲ್ಲ. ನನ್ನ ಜಿಪ್ಸಿಯಲ್ಲಿ 215/75 ಎಲ್ಲೂ ಗೆರೆ ಬೀಳಿಸದೆ ತಿರುಗಿದ ಸಂಜೆ ಮೆಕ್ಯಾನಿಕ್ಕೂ ನಾನೂ ಮಳೆಯಲ್ಲೇ ನಿಂತು ಚಹ ಕುಡಿದೆವು.

235/75 ಹಾಕುವ ಆಸೆ ಅನೇಕರಿಗೆ. ಅದು 733.5 ಮಿ.ಮೀ., ಮೂಲಕ್ಕಿಂತ ನೂರಕ್ಕೆ ಹತ್ತರಷ್ಟು ದೊಡ್ಡದು. ಸ್ಪೀಡೋಮೀಟರ್ 60 ತೋರಿಸುವಾಗ ಗಾಡಿ 66ರಲ್ಲಿ ಓಡುತ್ತಿರುತ್ತದೆ. 1.3 ಲೀಟರ್ ಎಂಜಿನ್‌ಗೆ ಎಲ್ಲ ಗೇರೂ ಒಂದಿಷ್ಟು ಭಾರವಾಗಿ, ಏರಿನಲ್ಲಿ ಎರಡನೇ ಗೇರು ಎಳೆಯುವ ಕಡೆ ಒಂದನೆಯದು ಬೇಕಾಗುತ್ತದೆ. ಕ್ರೌನ್ ಪಿನಿಯನ್ ಬದಲಿಸದೆ ಆ ಸುಖ ಮರಳದು. ಬ್ರೇಕಿಗೂ ಹೊರೆ, ಪವರ್ ಸ್ಟೇರಿಂಗ್ ಇಲ್ಲದ ಗಾಡಿಯಲ್ಲಿ ತೋಳಿಗೂ ಹೊರೆ. ತಯಾರಕರು ಕೊಟ್ಟ ವಿವರಕ್ಕೆ ವ್ಯತ್ಯಾಸವಾಗುವಂತೆ ವಾಹನ ಬದಲಿಸಬಾರದು ಎನ್ನುವ ಮೋಟಾರು ವಾಹನ ಕಾಯ್ದೆಯ 52ನೇ ಕಲಮನ್ನೂ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಹಾಗಾಗಿ ಒಂದೇ ಮೆಟ್ಟಿಲು ಮೇಲೆ ಎನ್ನುವುದು ನನ್ನ ಪಕ್ಷ. 215/75ರಲ್ಲಿ ವ್ಯತ್ಯಾಸ ನೂರಕ್ಕೆ ಐದರಷ್ಟು ಮಾತ್ರ, ಎಂಜಿನ್ ಗೊಣಗುವುದಿಲ್ಲ.

ಇನ್ನು ಟೈರಿನ ಮೈಮೇಲಿನ ಬಟನ್. ಎಂಟಿ, ಅಂದರೆ ಮಡ್ ಟೆರೇನ್ ಟೈರಿನ ಗುಡ್ಡದಂಥ ಬಟನ್ ಕೆಸರಿನಲ್ಲಿ ರಾಜ, ನಿಜ. ಆದರೆ ಚಾರ್ಮಾಡಿ ಘಾಟಿಯ ಒದ್ದೆ ಡಾಂಬರಿನಲ್ಲಿ ಬ್ರೇಕ್ ಒತ್ತುವಾಗ ಎದೆ ಡವಡವ. ಅರ್ಧ ದಾರಿ ಡಾಂಬರಿನಲ್ಲೇ ಓಡುವ ನನ್ನಂಥವರಿಗೆ ಎಟಿ, ಅಂದರೆ ಆಲ್ ಟೆರೇನ್ ಸಾಕು. ಕೊಳ್ಳುವಾಗ ಗೋಡೆಯ ಮೇಲಿನ ನಾಲ್ಕಂಕಿಯ ತಾರೀಖು ಓದುವುದನ್ನು ಬಿಡಬಾರದು. 2324 ಎಂದಿದ್ದರೆ 2024ರ 23ನೇ ವಾರದಲ್ಲಿ ತಯಾರಾದದ್ದು.

ಅಂಗಡಿಯವರು “ನಾಲ್ಕು ಹಾಕ್ಲಾ ಸಾರ್?” ಎನ್ನುತ್ತಾರೆ. ನಾನು ಐದು ಎನ್ನುತ್ತೇನೆ. ಜಿಪ್ಸಿಯ ಫೋರ್ ವೀಲ್ ಹಾಕಿದರೆ ಮುಂದಿನ ಹಿಂದಿನ ಅಚ್ಚು ಒಂದೇ ವೇಗದಲ್ಲಿ ತಿರುಗಬೇಕು, ನಡುವೆ ಡಿಫರೆನ್ಷಿಯಲ್ ಇಲ್ಲ. ಒಂದು ಚಕ್ರಕ್ಕೆ ಹಳೆಯ ಸಣ್ಣ ಸ್ಟೆಪ್ನಿ ಬಂದರೆ ಮುಂದಿನದೂ ಹಿಂದಿನದೂ ಜಗ್ಗಾಡಿ ಟ್ರಾನ್ಸ್‌ಫರ್ ಬಾಕ್ಸ್ ಬಿಗಿದುಕೊಳ್ಳುತ್ತದೆ. ಆದರೆ ಐದನೆಯ ದೊಡ್ಡ ಟೈರಿನ ಭಾರ ಹಿಂಬಾಗಿಲಿನ ಕೀಲಿಗೆ ಬೀಳುತ್ತದೆ, ಬಾಗಿಲು ಜೋತು ಚಿಲಕ ಕೂರದಂತಾಗುತ್ತದೆ. ಅದಕ್ಕಾಗಿ ಕೀಲಿನ ಹಿಂದೆ ಒಳಗಿನಿಂದ ದಪ್ಪ ತಗಡಿನ ಪಟ್ಟಿ ಕೊಟ್ಟು ಬೋಲ್ಟು ಬಿಗಿಸಿದ್ದೇನೆ. ಪ್ರತಿ ಮಳೆಗಾಲ ಮುಗಿದ ಮೇಲೆ ಆ ಟೈರನ್ನು ಬಾಗಿಲಿನಿಂದ ಇಳಿಸಿ ಮುಂದಿನ ಎಡಕ್ಕೆ ಹಾಕುತ್ತೇನೆ, ಐದೂ ಒಟ್ಟಿಗೇ ಸವೆಯಲಿ ಎಂದು.