ಹುಡುಗನ ಉಸಿರು, ರೀಡಿನ ತುದಿ

ಉಪ್ಪಾರಪೇಟೆಯ ನಮ್ಮ ಮನೆಯ ಹಿಂದಿನ ವಠಾರದಲ್ಲಿ ಎಂಟನೇ ಕ್ಲಾಸಿನ ಹುಡುಗನೊಬ್ಬನಿದ್ದಾನೆ. ಶಾಲೆಯ ಬ್ಯಾಂಡಿಗೆಂದು ಕ್ಲಾರಿನೆಟ್ ಹಿಡಿದು ಮೂರು ತಿಂಗಳಾಗಿತ್ತು. ಸಂಜೆಯಾದರೆ ಬಾತುಕೋಳಿ ಕೂಗಿದಂಥ ಕೀರಲು ದನಿ ಕೇಳುತ್ತಿತ್ತು. ಒಂದು ದಿನ ಅದೂ ನಿಂತಿತು. ಅವನಪ್ಪ ಬಂದು, "ಬಿಡಿಸಿಬಿಡ್ತೀನಿ ಮೇಷ್ಟ್ರೇ, ಇವನಿಗೆ ಉಸಿರೇ ಸಾಲದಂತೆ. ಕಲಿತರೂ ಇದರಲ್ಲೇನಿದೆ?" ಎಂದರು. ದಿನವಿಡೀ ಗಲ್ಲಿಯಲ್ಲಿ ಕ್ರಿಕೆಟ್ ಆಡುವವನಿಗೆ ಉಸಿರಿಲ್ಲವೆಂದರೆ ನಂಬುವುದು ಹೇಗೆ?

ಕದ್ರಿ ಗೋಪಾಲನಾಥರ ಹೆಸರು ಹೇಳಿದೆ. ನಾಗಸ್ವರದ ಮನೆತನದ ಅವರು ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೊಫೋನ್ ಕೇಳಿ ಮನಸೋತು, ಆ ವಾದ್ಯಕ್ಕೆ ಕರ್ನಾಟಕ ಸಂಗೀತ ಒಗ್ಗಿಸಿದವರು. ಅದೂ ಕ್ಲಾರಿನೆಟ್ಟಿನಂತೆ ಒಂಟಿ ರೀಡಿನ ವಾದ್ಯವೇ.

ನನಗೆ ಸ್ವರಜ್ಞಾನ ಅಷ್ಟಕ್ಕಷ್ಟೆ. ಆದರೂ ಮೇಷ್ಟ್ರ ಚಾಳಿ, ವಾದ್ಯ ತರಿಸಿ ನೋಡಿದೆ. ರೀಡಿನ ತುದಿ ಕೂದಲೆಳೆಯಷ್ಟು ಸೀಳಿ ಸೊಟ್ಟಗಾಗಿತ್ತು. ಹಿಂಬದಿಯಲ್ಲಿ 3 ಎಂಬ ಅಂಕಿ. ದನಿ ಹುಟ್ಟುವುದೇ ಆ ತುದಿಯ ಕಂಪನದಿಂದ. ಅಂಕಿ ಏರಿದಷ್ಟೂ ರೀಡು ಗಡುಸು; ಹೊಸಬರಿಗೆ 2 ಅಥವಾ 2½ ಸಾಕು. ರೀಡಿನ ತಪ್ಪಿಗೆ ಹುಡುಗ ತನ್ನನ್ನೇ ಬೈದುಕೊಂಡಿದ್ದ.

ಆಗ ನಾನೊಂದು ಜಾಣತನ ಮಾಡಿದೆ. ಜೊಂಡಿನದು ಬೇಡ, ಸಿಂಥೆಟಿಕ್ ತನ್ನಿ ಎಂದೆ. ಅಂಕಿಯ ಮಾತೇ ಮರೆತೆ. ಅವರು ಹಳೆಯದರ ಅಂಕಿಯನ್ನೇ ತೋರಿಸಿ ದುಡ್ಡು ಸುರಿದು ತಂದರು. ಮತ್ತೆ ಬರೀ ಗಾಳಿ. ಒಂದರ ಬೆಲೆಗೆ ಹಲವು ಜೊಂಡಿನ ರೀಡು ಬರುತ್ತಿದ್ದವು. ಅವನಪ್ಪ ಏನೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಜೊಂಡು ಎಂದರೆ ಅರುಂಡೊ ಡೊನಾಕ್ಸ್, ಬಿದಿರಿನಂತೆ ಎತ್ತರ ಬೆಳೆಯುವ ಹುಲ್ಲು. ದಕ್ಷಿಣ ಫ್ರಾನ್ಸಿನ ವಾರ್ ಸೀಮೆಯದು ಹೆಸರುವಾಸಿ. ಹುಡುಗನಿಗೆ ಒಂದು ಪ್ರಯೋಗ ತೋರಿಸಿದೆ. ತುದಿಯನ್ನು ಒದ್ದೆ ಮಾಡಿ ದಪ್ಪನೆಯ ಕಡೆಯಿಂದ ಊದಿದರೆ ತುದಿಯಲ್ಲಿ ಸಣ್ಣ ಗುಳ್ಳೆಗಳೇಳುತ್ತವೆ. "ಸಾರ್, ಕ್ಸೈಲಮ್!" ಎಂದ. ಹೌದು, ಗಿಡ ನೀರೇರಿಸಿಕೊಂಡ ಕೊಳವೆಗಳೇ. ಈಗ ಅವು ಎಂಜಲು ಹೀರುತ್ತವೆ. ಒದ್ದೆಯಾದರೆ ರೀಡು ಉಬ್ಬುತ್ತದೆ, ಒಣಗಿದರೆ ಮುದುಡುತ್ತದೆ. ಶಿವರಾತ್ರಿ ಕಳೆದ ಮೇಲಿನ ನಮ್ಮೂರ ಒಣಗಾಳಿಯಲ್ಲಂತೂ ಕೇಳುವುದೇ ಬೇಡ. ಒಂದೇ ಡಬ್ಬಿಯ ರೀಡುಗಳೂ ಒಂದೇ ಸಮ ನುಡಿಯುವುದಿಲ್ಲ.

ಸಿಂಥೆಟಿಕ್‌ಗೆ ಈ ರಗಳೆಯಿಲ್ಲ. ನೆನೆಸಬೇಕಿಲ್ಲ, ತೊಳೆದಿಡಬಹುದು, ನಿನ್ನೆಯಂತೆಯೇ ಇಂದೂ ನುಡಿಯುತ್ತದೆ. ದನಿಯಲ್ಲಿ ಜೀವ ಕಡಿಮೆ ಎನ್ನುವವರಿದ್ದಾರೆ. ತಂಬೂರಿಯ ಜಾಗಕ್ಕೆ ಎಲೆಕ್ಟ್ರಾನಿಕ್ ಪೆಟ್ಟಿಗೆ ಬಂದಾಗಲೂ ಹೀಗೇ ಗೊಣಗಿದರು. ಈಗ ಚಾಮರಾಜಪೇಟೆಯ ಎಷ್ಟೋ ಮನೆಗಳಲ್ಲಿ ಸಂಗೀತಪಾಠ ಅದರ ಮುಂದೆಯೇ.

ಕೊನೆಗೆ 2ನೇ ನಂಬರಿನ ಮೂರು ಜೊಂಡಿನ ರೀಡು ನಾನೇ ತಂದುಕೊಟ್ಟೆ. ದಿನಕ್ಕೊಂದರಂತೆ ಸರದಿ. ಊದಿದ ಮೇಲೆ ಒರೆಸಿ, ಗಾಜಿನ ಮೇಲೆ ಮಟ್ಟಸವಾಗಿ ಒಣಗಿಸುವುದು. ದುಬಾರಿ ಸಿಂಥೆಟಿಕ್ ರೀಡು ಪೆಟ್ಟಿಗೆಯಲ್ಲಿದೆ; ತುಟಿ ಬಲಿತ ಮೇಲೆ ಊದುತ್ತಾನಂತೆ. ಬಾತುಕೋಳಿ ಈಗಲೂ ಬರುತ್ತದೆ, ವಾರಕ್ಕೆ ಒಂದೆರಡು ಸಲ. ಮೊನ್ನೆ ಅವನಪ್ಪ ಕಿಟಕಿಯಾಚೆಯಿಂದ ಕೂಗಿ ಕೇಳಿದರು: "ಮೇಷ್ಟ್ರೇ, ಇವತ್ತಿಂದು ಯಾವ ರೀಡು?"